ಹಂಚಿನ ಕಾರ್ಖಾನೆ ಕೆಡವಬೇಡಿ

ಅಜ್ಜಿ ಮನೆಯ ಹಂಚೊಂದನ್ನು ಮಗುಚಿ ನೋಡಿದೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಹೆಸರು, 1865 ಎಂಬ ಅಚ್ಚು ಇನ್ನೂ ಮಾಸಿಲ್ಲ. ಮಂಗಳೂರು ಹಂಚಿನ ಕತೆ ಶುರುವಾದದ್ದು ಆ ವರ್ಷವೇ, ಆ ಸಂಸ್ಥೆಯ ಕಾರ್ಖಾನೆಯಿಂದ. ನದಿ ದಡದ ಜೇಡಿಮಣ್ಣು ದೋಣಿಯಲ್ಲಿ ಕಾರ್ಖಾನೆಗೆ ಬರುತ್ತಿತ್ತು. ತಾರಸಿ ಮನೆಗಳು ಬಂದವು, ಒಂದೊಂದೇ ಕಾರ್ಖಾನೆಗೆ ಬೀಗ ಬಿತ್ತು.

ಉಳಿದಿರುವ ಚಿಮಣಿ, ಭಟ್ಟಿ, ಉದ್ದನೆಯ ಶೆಡ್ಡುಗಳನ್ನು ಕೆಡವಿದರೆ ಸಿಗುವುದು ಇನ್ನೊಂದು ಅಪಾರ್ಟ್‌ಮೆಂಟ್, ಅಷ್ಟೇ ಅಲ್ವಾ? ಗ್ರಂಥಾಲಯವನ್ನೋ ಕುಂಬಾರಿಕೆ ಕಲಿಸುವ ಜಾಗವನ್ನೋ ಮಾಡಬಹುದು. ಆದರೆ ದುರಸ್ತಿಯ ಹೆಸರಲ್ಲಿ ಸುಮ್ನೆ ಸಿಮೆಂಟ್ ಮೆತ್ತಬೇಡಿ. ಹಳೇ ಇಟ್ಟಿಗೆ ಗೋಡೆಗೆ ಸುಣ್ಣದ ಗಾರೆಯೇ ಸರಿ. ನಮ್ಮ ಮಳೆಗೆ ಸಿಮೆಂಟಿನ ಹಿಂದೆ ತೇವ ನಿಂತು ಇಟ್ಟಿಗೆ ಉದುರುತ್ತದೆ. ಮೊದಲು ಅಲ್ಲಿ ದುಡಿದವರನ್ನು ಕರೆದು ಕೇಳಿ. ಎಲ್ಲಿ ಸೋರುತ್ತದೆ ಅಂತ ಅವರಿಗೆ ಗೊತ್ತು.

– ಓದುಗ, ಮಂಗಳೂರು