ಆ ರಾತ್ರಿ ಜೊತೆಗೆ ಕೂತ ಅಜ್ಜಿಗೆ

ಭಾನುವಾರ ನೂರ್ಡಾಲ್ ಗ್ರೀಗ್ ನೆನಪಿನ ಸಂಜೆ ಚೆನ್ನಾಗಿ ನಡೆಯಿತು. ನಾರ್ವೆಯ ಈ ಬರ್ಗೆನ್ ಊರಿನ ಮಳೆಯಲ್ಲೂ ಇಷ್ಟು ಜನ ಬಂದಿರಿ. ಹಾಲ್ ಕೊಡಿಸಿದವರಿಗೆ, ಚಿತ್ರಾನ್ನ ಮಾಡಿ ತಂದವರಿಗೆ, ಮೈಕ್ ನೋಡಿಕೊಂಡ ಹುಡುಗರಿಗೆ, ನನ್ನ ಅನುವಾದ ತಿದ್ದಿಕೊಟ್ಟ ಧಾರವಾಡದ ಮಾಸ್ತರರಿಗೆ ಮನಸ್ಸು ತುಂಬಿ ಥ್ಯಾಂಕ್ಸ್.

ಗ್ರೀಗ್ ಬರ್ಗೆನ್‌ನಲ್ಲಿ ಹುಟ್ಟಿದ ಕವಿ. 1940ರ ಮೇ 17ರಂದು, ಅಂದರೆ ನಾರ್ವೆಯ ರಾಷ್ಟ್ರೀಯ ದಿನದಂದು, ದೇಶದ ದಕ್ಷಿಣವೆಲ್ಲ ಜರ್ಮನರ ಕೈಲಿದ್ದಾಗ, ಉತ್ತರದ ಟ್ರೊಮ್ಸೋ ಊರಿನ ರೇಡಿಯೋದಲ್ಲಿ ತನ್ನ ಕವಿತೆ ತಾನೇ ಓದಿದವರು. ದೇಶದ ಚಿನ್ನವನ್ನು ಹಡಗಿನಲ್ಲಿ ಹೊರಗೆ ಸಾಗಿಸುವಾಗ ಕಾವಲಿಗೆ ಹೋದವರು. 1943ರ ಡಿಸೆಂಬರ್ 2ರ ರಾತ್ರಿ ಯುದ್ಧ ವರದಿಗಾರರಾಗಿ ಇಂಗ್ಲೆಂಡಿನ ಬಿನ್‌ಬ್ರೂಕ್‌ನಿಂದ ಲ್ಯಾಂಕಾಸ್ಟರ್ ಬಾಂಬರ್ ಹತ್ತಿದರು. ಏಳು ಜನರ ವಿಮಾನದಲ್ಲಿ ಅವರು ಎಂಟನೆಯವರು. ಬರ್ಲಿನ್‌ಗೆ ಹೊರಟ 458 ವಿಮಾನಗಳಲ್ಲಿ 40 ವಾಪಸ್ ಬರಲಿಲ್ಲ. ಅವರದ್ದು ಬರ್ಲಿನ್ ಪಕ್ಕದ ಕ್ಲೈನ್‌ಮಾಖ್ನೋದಲ್ಲಿ ಬಿತ್ತು. ಆಗ ಅವರಿಗೆ 41 ವರ್ಷ.

ಈಗ ನಮ್ಮ ಕೆಳಮನೆಯ ನಾರ್ವೆ ಅಜ್ಜಿಯ ವಿಷಯ.

ಊರಲ್ಲಿ ಅಮ್ಮ ಹುಷಾರಿಲ್ಲದೆ ಮಲಗಿದ್ದು ನಿಮಗೆಲ್ಲ ಗೊತ್ತು. ಆ ರಾತ್ರಿ ನನಗೆ ವಿಮಾನ ಇರಲಿಲ್ಲ. ಮೈಸೂರಿನಿಂದ ತಮ್ಮನ ಫೋನೂ ಇರಲಿಲ್ಲ. ನನ್ನ ಹೆಜ್ಜೆ ಸದ್ದು ಕೇಳಿ ಅಜ್ಜಿ ಆ ವಯಸ್ಸಲ್ಲಿ ಮೆಟ್ಟಿಲು ಹತ್ತಿ ಬಂದರು. ಏನೂ ಆಗಲ್ಲ ಅಂತ ಹೇಳಲಿಲ್ಲ. ಕಾಫಿ ಮಾಡಿದರು. ಆಮೇಲೆ, ಇಷ್ಟು ವರ್ಷದಲ್ಲಿ ಮೊದಲ ಸಲ, ತಮ್ಮ ಅಣ್ಣನ ಬಗ್ಗೆ ಮಾತಾಡಿದರು.

ಅಣ್ಣ ಮೀನುಗಾರರ ದೋಣಿಯಲ್ಲಿ ಬ್ರಿಟನ್‌ನ ಶೆಟ್ಲೆಂಡ್ ದ್ವೀಪಗಳಿಗೆ ತಪ್ಪಿಸಿಕೊಂಡು ಹೋದ ಹುಡುಗ. ಕೆನಡಾದ ಟೊರಾಂಟೋದಲ್ಲಿ, 'ಲಿಟಲ್ ನಾರ್ವೆ' ಅಂತ ಕರೆಯುತ್ತಿದ್ದ ಶಿಬಿರದಲ್ಲಿ ತರಬೇತಿ. ಆಮೇಲೆ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಬ್ರಿಟಿಷ್ ವಾಯುಪಡೆಯ 76ನೇ ಸ್ಕ್ವಾಡ್ರನ್. ಅಲ್ಲಿ ನಾರ್ವೆಯ ಹುಡುಗರು ತುಂಬಾ ಜನ ಇದ್ದರು. ಹ್ಯಾಲಿಫ್ಯಾಕ್ಸ್ ಬಾಂಬರ್‌ನ ಬಾಲದಲ್ಲಿ ಬಂದೂಕು ಹಿಡಿದು ಕೂರುವ ಕೆಲಸ ಅವನದು. ಅದು ಎಷ್ಟು ಇಕ್ಕಟ್ಟು ಅಂದರೆ ಪ್ಯಾರಾಚೂಟ್ ಹಿಂದಿನ ಬಾಗಿಲಿನ ಆಚೆ ಇಡಬೇಕಿತ್ತು. ಬೆಂಕಿ ಬಿದ್ದರೆ ಮೊದಲು ಅದನ್ನು ತಡಕಬೇಕು. 1944ರ ಚಳಿಗಾಲದ ಒಂದು ರಾತ್ರಿ ಆ ವಿಮಾನ ವಾಪಸ್ ಬರಲಿಲ್ಲ.

ಮನೆಯವರಿಗೆ ತಿಳಿದದ್ದು 1945ರ ಮೇ ತಿಂಗಳಲ್ಲಿ ನಾರ್ವೆ ಬಿಡುಗಡೆಯಾದ ಮೇಲೆ. ಮಗ ಇಂಗ್ಲೆಂಡಿನಲ್ಲಿದ್ದಾನೆ ಅಂತ ಬಾಯಿ ಬಿಡುವ ಹಾಗಿರಲಿಲ್ಲ, ರೇಡಿಯೋಗಳನ್ನು ಜರ್ಮನರು ಕಿತ್ತುಕೊಂಡಿದ್ದರು. ಅಷ್ಟೂ ದಿನ ಅವರಮ್ಮ ಹಳೇ ಉಣ್ಣೆ ಬಿಚ್ಚಿ ಅವನ ಅಳತೆಗೆ ಸ್ವೆಟರ್ ಹೆಣೆಯುತ್ತಿದ್ದರಂತೆ. "ತೋಳು ಉದ್ದ ಬೇಕು ಅವನಿಗೆ" ಅಂತ ಈ ಪುಟ್ಟ ಹುಡುಗಿಯ ಕೈಯಲ್ಲಿ ಅಳೆದು ನೋಡಿಸುತ್ತಿದ್ದರಂತೆ. ಅಷ್ಟರಲ್ಲಾಗಲೇ ಅವನು ಇರಲಿಲ್ಲ.

ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಒಂದು ವರ್ಷಕ್ಕೂ ಜಾಸ್ತಿ ಆ ತಾಯಿಗೆ ಹೇಳುವವರು ಯಾರೂ ಇರಲಿಲ್ಲವಲ್ಲ ಅಂತ ಹೊಟ್ಟೆ ಉರಿಯಿತು. ಫೋನ್ ಕೈಲಿ ಹಿಡಿದು ಕೂತ ನನಗೆ ಬೆಳಗಿನ ಜಾವವೇ ಬರಲಾರದು ಅನ್ನಿಸಿತ್ತು. ಅಜ್ಜಿ ನನ್ನ ಕೈ ಹಿಡಿದುಕೊಂಡು ಕೂತೇ ಇದ್ದರು. ನನ್ನ ತಮ್ಮ ಫೋನ್ ಮಾಡಿದ ಮೇಲೇ ಅವರು ಕೆಳಗೆ ಹೋದದ್ದು.

ಬರ್ಗೆನ್‌ನಲ್ಲಿ ಗ್ರೀಗ್ ಹೆಸರಿನ ಶಾಲೆ ಇದೆ, ನಾಟಕಶಾಲೆಯ ಎದುರು ಪ್ರತಿಮೆ ಇದೆ. ಅಜ್ಜಿಯ ಅಣ್ಣನಿಗೆ ಅವೇನೂ ಇಲ್ಲ. ಅದಕ್ಕೇ ಭಾನುವಾರ ಅವನ ಹೆಸರನ್ನು ಗ್ರೀಗ್ ಹೆಸರಿಗಿಂತ ಮೊದಲು ಓದಿದೆ. ನೀವೆಲ್ಲ ಎದ್ದು ನಿಂತಿರಿ. ಹಾಗೆ ಮಾಡಿ ಅಂತ ನಾನು ಹೇಳಿರಲಿಲ್ಲ. ಅದಕ್ಕೆ ನಿಮಗೆ ಇನ್ನೊಂದು ಸಲ ಕೃತಜ್ಞತೆ.

ಅಜ್ಜಿ, ಅಮ್ಮ ಈಗ ಎದ್ದು ಓಡಾಡುತ್ತಿದ್ದಾರೆ. ಏಪ್ರಿಲ್‌ನಲ್ಲಿ ಇಲ್ಲಿಗೆ ಬರುತ್ತಾರೆ. ಮೇ 17ರ ಮೆರವಣಿಗೆಗೆ ನಿಮ್ಮ ಜೊತೆಗೇ ಹೋಗಬೇಕಂತೆ.