ಹನ್ನೊಂದನೇ ಗ್ರೇಡಿಗೆ ಐದು ಎಪಿ ಬೇಕಾ?

ಪುಟ್ಟೀ,

ಮುಂದಿನ ವರ್ಷಕ್ಕೆ ನೀನು ಬರೆದಿಟ್ಟ ಪಟ್ಟಿ ನೋಡಿದೆ: ಕ್ಯಾಲ್ಕುಲಸ್ ಬಿಸಿ, ಫಿಸಿಕ್ಸ್ ಸಿ, ಯುಎಸ್ ಹಿಸ್ಟರಿ, ಇಂಗ್ಲಿಷ್ ಲ್ಯಾಂಗ್ವೇಜ್, ಸೈಕಾಲಜಿ. ಐದೂ ಎಪಿ, ಅಂದರೆ ಹೈಸ್ಕೂಲಿನಲ್ಲೇ ಮಾಡುವ ಕಾಲೇಜು ಮಟ್ಟದ ಕೋರ್ಸು. ಕೌನ್ಸೆಲರ್‌ಗೆ ಫಾರ್ಮ್ ಕೊಡುವ ಮೊದಲು ಇದನ್ನು ಓದು.

ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ, ಹಾಗಾಗಿ ಮೊದಲು ಯುಸಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಲೆಕ್ಕ. ಶಾಲೆ ಕೊಡುವ ಜಿಪಿಎಯನ್ನು (ಗ್ರೇಡುಗಳ ಸರಾಸರಿ) ಯುಸಿಯವರು ತೆಗೆದುಕೊಳ್ಳುವುದಿಲ್ಲ, ತಮ್ಮದೇ ಲೆಕ್ಕ ಹಾಕುತ್ತಾರೆ. ಒಂಬತ್ತನೆಯದು ಮುಗಿದ ಬೇಸಿಗೆಯಿಂದ ಹನ್ನೊಂದನೆಯದು ಮುಗಿದ ಬೇಸಿಗೆಯವರೆಗೆ ಮಾಡಿದ ಎ-ಜಿ ವಿಷಯಗಳು (ಯುಸಿ ಪ್ರವೇಶಕ್ಕೆ ಒಪ್ಪುವ ವಿಷಯಗಳು) ಮಾತ್ರ ಅದರಲ್ಲಿ ಬರುತ್ತವೆ. 'ಎ'ಗೆ 4, 'ಬಿ'ಗೆ 3, 'ಸಿ'ಗೆ 2. ಪ್ಲಸ್ಸು ಮೈನಸ್ಸು ಲೆಕ್ಕಕ್ಕಿಲ್ಲ. ಎಪಿ ಆದರೆ 'ಸಿ' ಮತ್ತು ಅದಕ್ಕಿಂತ ಮೇಲಿನ ಗ್ರೇಡಿಗೆ ಒಂದು ಪಾಯಿಂಟ್ ಹೆಚ್ಚು. ಆನರ್ಸ್ ಎಂಬ ಮೇಲ್ಮಟ್ಟದ ಕ್ಲಾಸಿಗೂ ಹಾಗೆಯೇ, ಆದರೆ ಶಾಲೆ ಆ ಹೆಸರಿಟ್ಟರೆ ಸಾಲದು, ಯುಸಿಯ ಎ-ಜಿ ಪಟ್ಟಿಯಲ್ಲೂ ಅದು ಆನರ್ಸ್ ಎಂದೇ ಇರಬೇಕು. ಈ ಹೆಚ್ಚಿನ ಪಾಯಿಂಟ್ ಒಟ್ಟು 8 ಸೆಮಿಸ್ಟರಿಗಷ್ಟೇ, ಹತ್ತನೇ ಗ್ರೇಡಿನಿಂದ 4ಕ್ಕಿಂತ ಹೆಚ್ಚು ಸೇರಿಸುವಂತಿಲ್ಲ. ಈ ವರ್ಷದ ವರ್ಲ್ಡ್ ಹಿಸ್ಟರಿ, ಆನರ್ಸ್ ಕೆಮಿಸ್ಟ್ರಿಗೆ ನಿನ್ನ ನಾಲ್ಕು ಹೋಯಿತು. ಒಂದು ವಿಷಯಕ್ಕೆ ವರ್ಷದಲ್ಲಿ ಎರಡು ಸೆಮಿಸ್ಟರ್, ಹಾಗಾಗಿ ಉಳಿದ ನಾಲ್ಕಕ್ಕೆ ಎರಡು ಎಪಿ ಸಾಕು.

ಎರಡು ವರ್ಷಕ್ಕೆ ಆರಾರು ವಿಷಯ ಅಂದರೆ 24 ಸೆಮಿಸ್ಟರ್ ಗ್ರೇಡು. ಎಲ್ಲ 'ಎ' ಬಂದರೆ 96, ಜೊತೆಗೆ 8, ಒಟ್ಟು 104, ಭಾಗಿಸಿದರೆ 4.33. ಹೆಚ್ಚಿಗೆ ಹೊತ್ತ ಎಪಿಯ ಭಾರಕ್ಕೆ ಮೂರು ಕಡೆ 'ಬಿ' ಬಂದರೆ 101, ಅಂದರೆ 4.21. ಪಾಯಿಂಟೂ ಸಿಗಲಿಲ್ಲ, ಇದ್ದದ್ದೂ ಹೋಯಿತು.

ಹಾಗಂತ ಎರಡಕ್ಕೇ ನಿಲ್ಲಿಸು ಎನ್ನುತ್ತಿಲ್ಲ. ಅರ್ಜಿ ಓದುವವರು ಜಿಪಿಎ ಒಂದನ್ನೇ ನೋಡುವುದಿಲ್ಲ. ನಿಮ್ಮ ಶಾಲೆಯಲ್ಲಿ ಏನೇನು ಸಿಗುತ್ತಿತ್ತು, ಅದರಲ್ಲಿ ನೀನು ಯಾವುದನ್ನು ಆರಿಸಿದೆ ಎಂದೂ ನೋಡುತ್ತಾರೆ. ಖಾಸಗಿ ಕಾಲೇಜುಗಳಿಗೆ ಹೋಗುವ ಕಾಮನ್ ಆ್ಯಪ್ ಅರ್ಜಿಯಲ್ಲಂತೂ ನಿನ್ನ ಕೋರ್ಸುಗಳು ಉಳಿದ ಮಕ್ಕಳಿಗೆ ಹೋಲಿಸಿದರೆ ಎಷ್ಟು ಕಠಿಣ ಎಂದು ಕೌನ್ಸೆಲರ್ ಗುರುತು ಹಾಕಬೇಕು. ಇಪ್ಪತ್ತು ಎಪಿ ಇರುವ ಶಾಲೆಯಲ್ಲಿ ಮೂರು ಮಾಡಿದವಳೂ ಮೂರೇ ಇರುವ ಶಾಲೆಯಲ್ಲಿ ಮೂರನ್ನೂ ಮಾಡಿದವಳೂ ಅವರ ಕಣ್ಣಿಗೆ ಒಂದೇ ಅಲ್ಲ. ಊರಲ್ಲಿ ನಿನ್ನ ಅತ್ತೆ ಮಕ್ಕಳಿಗೆ ಈ ತಲೆಬಿಸಿ ಇಲ್ಲ: ಪಿಯುಸಿ ಸೈನ್ಸ್ ತಗೊಂಡರೆ ಎಲ್ಲರಿಗೂ ಅದೇ ಪುಸ್ತಕ, ಆಮೇಲೆ ಸಿಇಟಿ ರ‍್ಯಾಂಕು. ಅವರಿಗೆ ಬೇರೆ ತಲೆಬಿಸಿ ಇದೆ ಬಿಡು.

ನೀನು ಇಂಜಿನಿಯರಿಂಗ್ ಅನ್ನುತ್ತೀಯ. ಹಾಗಾದರೆ ಗಣಿತ, ಫಿಸಿಕ್ಸ್‌ನಲ್ಲಿ ಕಷ್ಟದ್ದು ಇರಲೇಬೇಕು, ಅಲ್ಲಿ ಬಿಟ್ಟುಕೊಡಬೇಡ. ಸೈಕಾಲಜಿ ಬಿಡು, ಸಂಖ್ಯೆ ತುಂಬಿಸಲು ಹಾಕಿದ್ದೆಂದು ಯಾರಿಗಾದರೂ ಗೊತ್ತಾಗುತ್ತದೆ. ಹಿಸ್ಟರಿ, ಇಂಗ್ಲಿಷ್ ಎರಡಕ್ಕೂ ಓದು-ಬರಹ ವಿಪರೀತ, ಪರೀಕ್ಷೆಗಳೂ ಮೇ ತಿಂಗಳ ಮೊದಲ ಎರಡು ವಾರದಲ್ಲೇ ಬಂದು ಬೀಳುತ್ತವೆ. ಒಂದನ್ನು ಮಾತ್ರ ಎಪಿಯಾಗಿ ಇಟ್ಟುಕೋ. ಎಪಿ ಮೂರಾಗುತ್ತದೆ, ನನ್ನ ಪ್ರಕಾರ ಅದು ಸರಿ.

ನನಗೆ ಅನುಮಾನ ಇರುವುದು ಫಿಸಿಕ್ಸ್ ಸಿ ಬಗ್ಗೆ. ಅದಕ್ಕೆ ಕ್ಯಾಲ್ಕುಲಸ್‌ನ ಡೆರಿವೇಟಿವ್, ಇಂಟಿಗ್ರಲ್ ಬೇಕು. ಕ್ಯಾಲ್ಕುಲಸ್ ಅದೇ ವರ್ಷ ಶುರುಮಾಡಿದರೆ ಗಣಿತದ ಕ್ಲಾಸು ಅಲ್ಲಿಗೆ ಮುಟ್ಟುವ ಮೊದಲೇ ಫಿಸಿಕ್ಸ್ ಟೀಚರ್ ಬಳಸಲು ಶುರುಮಾಡಿರುತ್ತಾರೆ. ಮಕ್ಕಳು ಎಡವುವುದು ಇಲ್ಲೇ, ಮೊದಲ ಸೆಮಿಸ್ಟರ್‌ನಲ್ಲೇ. ಕ್ಯಾಲ್ಕುಲಸ್ ಬಿಸಿ ಜೊತೆಗೆ ಎಪಿ ಫಿಸಿಕ್ಸ್ 1 ಮಾಡು, ಅದಕ್ಕೆ ಆಲ್ಜಿಬ್ರಾ, ಸ್ವಲ್ಪ ಟ್ರಿಗ್ನಾಮೆಟ್ರಿ ಸಾಕು. ಫಿಸಿಕ್ಸ್ ಸಿಯನ್ನು ಹನ್ನೆರಡಕ್ಕೆ ಇಟ್ಟುಕೋ. ಆ ವರ್ಷದ ಗ್ರೇಡು ಯುಸಿ ಜಿಪಿಎಗೆ ಸೇರದಿದ್ದರೂ ಯಾವ ಕೋರ್ಸ್ ತಗೊಂಡಿದ್ದೀಯ ಎಂದು ಅರ್ಜಿಯಲ್ಲಿ ಬರೆಯಬೇಕು. ಸೀಟು ಸಿಕ್ಕ ಮೇಲೂ ಅದು ಷರತ್ತಿನ ಸೀಟೇ. ಕೊನೆಯ ಸೆಮಿಸ್ಟರ್‌ನಲ್ಲಿ 'ಡಿ' ಬಂದರೆ ವಾಪಸ್ ಪಡೆಯಬಹುದು.

ಕಮ್ಯುನಿಟಿ ಕಾಲೇಜಿನಲ್ಲಿ ಬೇಸಿಗೆ ಕೋರ್ಸ್ ಮಾಡುತ್ತೇನೆ ಅಂದೆಯಲ್ಲ, ಅಲ್ಲಿಯ ಗ್ರೇಡು ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಆರು ವಾರದಲ್ಲಿ ಇಡೀ ಸೆಮಿಸ್ಟರ್ ಮುಗಿಸುವ ಕೋರ್ಸಿಗೆ ಸೇರುವ ಮೊದಲು ಅದು ತಲೆಯಲ್ಲಿರಲಿ.

ಕೌನ್ಸೆಲರ್‌ಗೆ ಎರಡು ವಿಷಯ ಕೇಳಿಕೊಂಡು ಬಾ: ಈ ವರ್ಷದ ಆನರ್ಸ್ ಕೆಮಿಸ್ಟ್ರಿ ಎ-ಜಿ ಪಟ್ಟಿಯಲ್ಲಿ ಆನರ್ಸ್ ಎಂದೇ ಇದೆಯಾ, ಎಪಿ ಆಗಲ್ಲ ಅನಿಸಿದರೆ ಸಾಮಾನ್ಯ ಕ್ಲಾಸಿಗೆ ಬದಲಾಯಿಸಲು ಕೊನೆಯ ದಿನ ಯಾವುದು, ಆಗ ಆವರೆಗಿನ ಅಂಕವೂ ಜೊತೆಗೆ ಬರುತ್ತದಾ.

ನಿನ್ನ ಅಮ್ಮ