ಸೈಲೆನ್ಸರ್ ಬೇಡ, ಬ್ರೇಕ್ ನೋಡು

ಪ್ರೀತಿಯ ಮಗಳೇ,

ಕೊಯ್ಲಾದ ಗದ್ದೆಯಲ್ಲಿ ಕೋನುಗಳನ್ನಿಟ್ಟು, ಸಮಯ ಅಳೆದು ನಡೆಸುವ ಕಾರಿನ ಓಟವಾದ ಆಟೋಕ್ರಾಸ್‌ಗೆ ನಮ್ಮ ಹಳೆಯ ಮಾರುತಿ 800 ಇಳಿಸುತ್ತೇನೆ ಎಂದೆಯಲ್ಲ, ಇಳಿಸು. ಕೊಡಗಿನಲ್ಲಿ ಹುಟ್ಟಿ ಗದ್ದೆಯಲ್ಲಿ ಕಾರು ಓಡಿಸಬೇಡ ಎಂದು ನಾನು ಯಾವ ಬಾಯಿಂದ ಹೇಳಲಿ? ಆದರೆ ಫೋನಿನಲ್ಲಿ ನೀನು ಅರ್ಧ ಕೇಳಿಸಿಕೊಂಡು ‘ಸರಿ ಅಪ್ಪಾ’ ಎನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಗೆಳೆಯರು ದಪ್ಪ ಸೈಲೆನ್ಸರ್ ಹಾಕಿಸು ಎನ್ನುತ್ತಿದ್ದಾರಂತೆ. ಅದು 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್. ಹೆಚ್ಚುವುದು ಸದ್ದು ಮಾತ್ರ. ಮೇಲಾಗಿ ನೀನು ಅದೇ ಕಾರಿನಲ್ಲಿ ರಸ್ತೆಯಲ್ಲೂ ಓಡಾಡಬೇಕು. ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. ಓಟದಲ್ಲಿ ಎಂಜಿನ್ ಗಾತ್ರ ನೋಡಿಯೇ ವರ್ಗ ಮಾಡುತ್ತಾರಾದ್ದರಿಂದ ನಿನ್ನ ಎದುರಾಳಿಗಳ ಬಳಿಯೂ ಹೆಚ್ಚುಕಡಿಮೆ ಅಷ್ಟೇ ಬಲವಿರುತ್ತದೆ. ಆ ದುಡ್ಡನ್ನು ಕಾರು ನಿಲ್ಲಿಸುವುದಕ್ಕೆ ಖರ್ಚು ಮಾಡು.

ಮೊದಲು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ಗಿಂತ ಮೊದಲು ಕುದಿಯಬಾರದು ಎಂಬುದು ನಿಯಮ; ತೇವ ಸೇರಿದ ಆಯಿಲ್‌ಗೆ ಅದೇ ನಿಯಮ ಇಟ್ಟಿರುವ ಮಿತಿ 155 ಮಾತ್ರ. ತಿರುವಿನಿಂದ ತಿರುವಿಗೆ ಬ್ರೇಕ್ ಒತ್ತುತ್ತ ಹೋದರೆ ಆ ಬಿಸಿ ದೂರದ ಮಾತಲ್ಲ. ಕುದಿಯಿತೆಂದರೆ ಪೈಪಿನೊಳಗೆ ಆವಿ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಹಳೆಯದನ್ನು ಪೂರ್ತಿ ತೆಗೆಸಿ ಹೊಸದು ತುಂಬಿಸು. ಏರ್ ತೆಗೆಯುವಾಗ ಪಕ್ಕದಲ್ಲೇ ನಿಂತಿರು. ಮೇಲಿನ ಡಬ್ಬಿಯಲ್ಲಿ ಆಯಿಲ್ ಖಾಲಿಯಾಗಲು ಬಿಟ್ಟರೆ ಮತ್ತೆ ಗಾಳಿ ಒಳಗೆ ಹೋಗುತ್ತದೆ, ಕೆಲಸ ಮೊದಲಿನಿಂದ. ಮುಂಚಕ್ರಗಳ ಬ್ರೇಕ್ ಪ್ಯಾಡ್‌ಗಳನ್ನು ಬಿಚ್ಚಿಸಿ ಕಣ್ಣಾರೆ ನೋಡು. ಹ್ಯಾಂಡ್‌ಬ್ರೇಕ್ ಎರಡೂ ಹಿಂಚಕ್ರಗಳನ್ನು ಒಂದೇ ಸಮ ಹಿಡಿಯಬೇಕು. ಕೋನಿನ ಸುತ್ತ ಕಾರು ತಿರುಗಿಸಲು ನಿನಗೆ ಅದೇ ಬೇಕಾಗುವುದು.

ನಂತರ ಮುಂಭಾಗವನ್ನು ಜಾಕ್ ಮೇಲೆ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಾಡಿಸು. ಸಡಿಲವಿದ್ದರೆ ಬೇರಿಂಗೋ ಬಾಲ್ ಜಾಯಿಂಟೋ ಹೋಗಿದೆ. ಎಡ-ಬಲಕ್ಕೆ ಹಿಡಿದಾಗ ಮಾತ್ರ ಆಡಿದರೆ ಸ್ಟೇರಿಂಗಿನ ಟೈ ರಾಡ್ ಕಡೆ ನೋಡು. ಆಕ್ಸಲ್‌ನ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿದೆಯೇ? ಪೂರ್ತಿ ಸ್ಟೇರಿಂಗ್ ತಿರುಗಿಸಿ ನಿಧಾನವಾಗಿ ಓಡಿಸಿದಾಗ ಕಟಕಟ ಎಂದರೆ ಜಾಯಿಂಟ್ ಸವೆದಿದೆ, ಗದ್ದೆಗೆ ಹೋಗುವ ಮೊದಲೇ ಬದಲಿಸಬೇಕು. ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಬಿಳಿ ಪೇಂಟಿನ ಒಂದು ಗೆರೆ ಎಳೆ. ಗೆರೆ ತುಂಡಾಗಿ ಕಂಡರೆ ನಟ್ಟು ತಿರುಗಿದೆ ಎಂದರ್ಥ. ಪಾನಾವನ್ನು ಕಾಲಿನಿಂದ ಮೆಟ್ಟಿ ಬಿಗಿ ಮಾಡುವವರನ್ನು ಹತ್ತಿರ ಸೇರಿಸಬೇಡ.

ಏರ್ ಫಿಲ್ಟರ್ ಹೊಸದಿರಲಿ, ಒಣಗದ್ದೆಯ ಧೂಳು ಹಿಟ್ಟಿನಷ್ಟು ನುಣುಪು. ಟೈರಿನ ಗಾಳಿ ತೀರ ಇಳಿಸಬೇಡ, ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚಿಕೊಳ್ಳುತ್ತದೆ.

ಡಿಕ್ಕಿ ಖಾಲಿ ಮಾಡು. ಸ್ಟೆಪ್ನಿ, ಜಾಕ್, ಮ್ಯಾಟ್, ಅಮ್ಮನ ಕೊಡೆ, ಎಲ್ಲವೂ ಹೊರಗೆ. ಸೀಟಿನ ಕೆಳಗಿನ ನೀರಿನ ಬಾಟಲಿ ಉರುಳಿ ಬ್ರೇಕ್ ಪೆಡಲ್ ಅಡಿಗೆ ಬಂದರೆ ಹೊಸ ಆಯಿಲ್ ಹಾಕಿಸಿ ಏನು ಪ್ರಯೋಜನ? ಬ್ಯಾಟರಿಯನ್ನು ಕ್ಲಾಂಪಿನಿಂದ ಭದ್ರಪಡಿಸಿ ಟರ್ಮಿನಲ್ ಮುಚ್ಚಿಸು. ಓಟದ ಮುಂಚಿನ ತಪಾಸಣೆಯಲ್ಲಿ ಹೆಲ್ಮೆಟ್, ಸೀಟ್ ಬೆಲ್ಟ್ ಜೊತೆಗೆ ಇದನ್ನೂ ನೋಡುತ್ತಾರೆ. ಅವರು ವಾಪಸ್ ಕಳಿಸಿದರೆ ವಾದಿಸಬೇಡ, ಸರಿಪಡಿಸಿಕೊಂಡು ಬಾ.

ವಿಮೆಯ ಪತ್ರದ ಸಣ್ಣಕ್ಷರಗಳನ್ನು ಓದು. ಮಾಮೂಲಿ ಪಾಲಿಸಿ ಸ್ಪರ್ಧೆಯಲ್ಲಿ ಆದ ಹಾನಿಗೆ ದುಡ್ಡು ಕೊಡುವುದಿಲ್ಲ. ಬಂಪರ್ ಹೋದರೆ ನಿನ್ನ ಸಂಬಳದಿಂದ. ನನ್ನ ಪಿಂಚಣಿಯ ಕಡೆ ನೋಡಬೇಡ.

ಓಟ ಮುಗಿದ ಮೇಲೆ ಹಾಗೆಯೇ ರಸ್ತೆಗೆ ಇಳಿಯಬೇಡ. ರಿಮ್ಮಿನ ಒಳಗೆ ಮಣ್ಣು ಮೆತ್ತಿಕೊಂಡಿದ್ದರೆ ವೇಗ ಏರಿದೊಡನೆ ಸ್ಟೇರಿಂಗ್ ನಡುಗುತ್ತದೆ, ಕೆರೆದು ತೆಗೆ. ರೇಡಿಯೇಟರ್ ತೊಳೆಸು, ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ನೋಡು, ಸ್ಟೆಪ್ನಿ ಮರಳಿ ಡಿಕ್ಕಿಗೆ ಹಾಕು. ಆಮೇಲೆ ಎಷ್ಟು ಸಮಯ ಬಂತು ಎಂದು ಫೋನ್ ಮಾಡಿ ಹೇಳು.

ಇಂತಿ,
ನಿನ್ನ ಅಪ್ಪ